ಲೇಟ್ ಪುಸ್ತಕದಲ್ಲಿ ನನ್ನ ಹೆಸರು

ಆ ನಿಯಮ ಮಾಡಿದವಳು ನಾನೇ. ಬೆಲ್ ಹೊಡೆದ ಮೇಲೆ ಬಂದವರು ಪ್ರಾರ್ಥನೆ ಮುಗಿಯುವವರೆಗೆ ಗೇಟಿನ ಹೊರಗೆ ನಿಲ್ಲಬೇಕು. ಆಮೇಲೆ ಒಂದು ನೋಟ್‌ಬುಕ್ಕಿನಲ್ಲಿ ತಮ್ಮ ಹೆಸರನ್ನೂ ತಡವಾದ ಕಾರಣವನ್ನೂ ತಾವೇ ಬರೆಯಬೇಕು. ಬೈಗುಳವಿಲ್ಲ, ಬೆತ್ತವಿಲ್ಲ. ಆ ಪುಸ್ತಕ ನೋಡಿಕೊಳ್ಳುವುದು ಶಾಲಾ ಸಂಸತ್ತಿನ ಶಿಸ್ತು ಮಂತ್ರಿಯ ಕೆಲಸ. ಆ ವರ್ಷ ಮಕ್ಕಳು ಓಟು ಹಾಕಿ ಆರಿಸಿದ್ದು ಏಳನೇ ತರಗತಿಯ ಒಬ್ಬ ಸಣಕಲು ಹುಡುಗಿಯನ್ನು. ಅಲ್ಲಿಯವರೆಗೆ ಹಾಜರಿ ಕೂಗಿದರೂ ಬಾಯಿ ಬಿಡದೆ ಕೈ ಮಾತ್ರ ಎತ್ತುತ್ತಿದ್ದವಳು ಅವಳು. ಮಂತ್ರಿಯಾದ ಮೇಲೆಯೇ ಅವಳ ದನಿ ಹೇಗಿದೆ ಎಂದು ನನಗೆ ಗೊತ್ತಾದದ್ದು.

ರಾಯಲ್ಪಾಡು ಕಡೆಯ ಹಳ್ಳಿಯ ಶಾಲೆ. ನಾನು ದಿನಾ ಶ್ರೀನಿವಾಸಪುರದಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಒಂದು ಬೆಳಿಗ್ಗೆ ಸೀಟಿಲ್ಲವೆಂದು ಮೊದಲನೇ ಬಸ್ಸು ಬಿಟ್ಟೆ. ಎರಡನೆಯದು ಮಂಡಿಗೆ ಬರುತ್ತಿದ್ದ ಮಾವಿನ ಟ್ರ್ಯಾಕ್ಟರುಗಳ ನಡುವೆ ಸಿಕ್ಕಿಕೊಂಡಿತು. ನಾನು ಶಾಲೆ ತಲುಪುವಷ್ಟರಲ್ಲಿ ಒಳಗೆ ಪ್ರಾರ್ಥನೆ ಶುರುವಾಗಿತ್ತು.

ಅವಳು ಗೇಟಿನ ಚಿಲಕದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದಳು. "ಮಿಸ್, ಬೆಲ್ ಆಗೋಯ್ತು" ಎಂದಳು. ತಮಾಷೆಯೆಂದು ನಕ್ಕೆ. ಅವಳು ನಗಲಿಲ್ಲ. ನನಗೆ ಮೈಯೆಲ್ಲ ಉರಿಯಿತು, ಸುಳ್ಳೇಕೆ ಹೇಳಲಿ. ಇಷ್ಟುದ್ದ ಇದ್ದಾಳೆ, ನನ್ನನ್ನು ತಡೆಯುತ್ತಾಳಾ ಅನ್ನಿಸಿತು. ಆದರೆ ಅವಳು ಚಿಲಕ ಬಿಡಲಿಲ್ಲ. ಹೊರಗೆ ನಿಂತಿದ್ದ ಮೂರು ಚಿಕ್ಕ ಮಕ್ಕಳಲ್ಲಿ ಒಂದು ಪಕ್ಕಕ್ಕೆ ಸರಿದು, "ಬನ್ನಿ ಮಿಸ್, ಇಲ್ಲಿ ನೆರಳೈತೆ" ಎಂದಿತು. ಹೋಗಿ ನಿಂತೆ.

ಪ್ರಾರ್ಥನೆ ಮುಗಿದ ಮೇಲೆ ಪುಸ್ತಕ ನನ್ನ ಕೈಗೆ ಬಂತು. 'ಬಸ್ಸು ತಡವಾಯಿತು' ಎಂದು ಬರೆದು ಕೊಟ್ಟೆ. ಅವಳು ಓದಿ, "ಬಸ್ ಲೇಟು ಅಂತ ನಾವ್ ಬರೆದ್ರೆ ನೀವ್ ಒಪ್ಪಲ್ವಲ್ಲ ಮಿಸ್" ಎಂದಳು. ನಿಜ, ಒಪ್ಪುತ್ತಿರಲಿಲ್ಲ. ಅದನ್ನು ಹೊಡೆದುಹಾಕಿ, 'ಸೀಟಿಲ್ಲವೆಂದು ಮೊದಲನೇ ಬಸ್ಸು ಬಿಟ್ಟೆ' ಎಂದು ಬರೆದೆ. ಹದಿನೈದು ವರ್ಷದ ನೌಕರಿಯಲ್ಲಿ ಅಷ್ಟು ಪ್ರಾಮಾಣಿಕವಾದ ಇನ್ನೊಂದು ಸಾಲನ್ನು ನಾನು ಬರೆದಿರಲಿಕ್ಕಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಾನು ಮಕ್ಕಳ ಜೊತೆ ಗೇಟಿನಾಚೆ ನಿಂತದ್ದನ್ನು ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಮಧ್ಯಾಹ್ನದ ಊಟದ ಹೊತ್ತಿಗೆ ಊರೆಲ್ಲ ಅದೇ ಮಾತು. ಮುಖ್ಯೋಪಾಧ್ಯಾಯರು ಕೆಂಡವಾದರು. ಟೀಚರ್ ಮರ್ಯಾದೆ ಬೀದಿಗೆ ಬಂತಂತೆ. ಹುಡುಗಿ ಎಲ್ಲರೆದುರು ಕ್ಷಮೆ ಕೇಳಬೇಕು, ಮಂತ್ರಿಗಿರಿ ಬಿಡಬೇಕು ಎಂದು ತೀರ್ಮಾನಿಸಿ ಅವಳ ತಾಯಿಗೆ ಹೇಳಿ ಕಳಿಸಿದರು. ಮರ್ಯಾದೆ ಹೋಗಿದ್ದರೆ ಅದು ನನ್ನದು, ನನ್ನನ್ನು ಯಾರೂ ಕೇಳಲಿಲ್ಲ.

ತಾಯಿ ಟೊಮೇಟೊ ಬಿಡಿಸುತ್ತಿದ್ದ ತೋಟದಿಂದ ನೇರವಾಗಿ ಆಫೀಸ್ ರೂಮಿಗೆ ಬಂದರು. ಹಸಿರು ಕರೆ ಹಿಡಿದ ಬೆರಳುಗಳನ್ನು ಸೆರಗಿನಲ್ಲಿ ಬಚ್ಚಿಟ್ಟುಕೊಂಡು ಮಗಳ ಬೆನ್ನಿಗೊಂದು ಗುದ್ದಿ, "ಮೇಡಮ್ ಕಾಳ್ಳು ಪಟ್ಟುಕೋವೇ" ಎಂದರು ತೆಲುಗಿನಲ್ಲಿ, ನನ್ನ ಕಾಲು ಹಿಡಿಯೇ ಎಂದು. ಹುಡುಗಿ ನನ್ನ ಮುಖ ನೋಡುತ್ತಲೇ ನಿಧಾನವಾಗಿ ಬಗ್ಗಿದಳು. ಆ ನೋಟ ನನಗೆ ಅರ್ಥವಾಯಿತು. ಅವಳು ನನ್ನ ಕಾಲು ಮುಟ್ಟಿದರೆ, ಬೆಳಿಗ್ಗೆ ಮಾಡಿದ್ದು ತಪ್ಪು ಎಂದು ಕಲಿತುಕೊಂಡು ಹೋಗುತ್ತಾಳೆ. ಮತ್ತೆ ಎಂದೂ ಬಾಯಿ ತೆರೆಯುವುದಿಲ್ಲ.

ನಾನು ಎರಡೂ ಕಾಲು ಎತ್ತಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತುಬಿಟ್ಟೆ. ಸೀರೆ ಮುದುರಿತು, ಮುದುರಲಿ.

"ಇದೇನ್ ಮೇಡಂ, ಮಕ್ಕಳ ಥರ?" ಎಂದರು ಮುಖ್ಯೋಪಾಧ್ಯಾಯರು.

"ಇವಳು ಕ್ಷಮೆ ಕೇಳೋದಾದ್ರೆ ಆ ಪುಸ್ತಕಾನ ಇವತ್ತೇ ಒಲೆಗೆ ಹಾಕೋಣ ಸಾರ್. ನಾಳೆಯಿಂದ ಯಾವ ಮಗೂನೂ ನಾನು ಹೊರಗೆ ನಿಲ್ಲಿಸಲ್ಲ" ಎಂದೆ.

ಅವರು ನನ್ನನ್ನು ಬಿಟ್ಟು ಹುಡುಗಿಯ ಕಡೆ ತಿರುಗಿದರು. "ಹೇಳಮ್ಮ, ಇನ್ನೊಂದ್ ಸಲ ಟೀಚರ್‌ಗಳನ್ನ ನಿಲ್ಲಿಸ್ತೀಯಾ?"

ಅವಳು ನೆಲ ನೋಡಿದಳು. ಹಳೆಯ ಮೌನಕ್ಕೇ ಮರಳಿದಳೆಂದುಕೊಂಡೆ.

"ಲೇಟಾಗ್ ಬಂದ್ರೆ ನಿಲ್ಲಿಸ್ತೀನಿ ಸಾರ್."

ಈಗ ಏಟು ಬೀಳುತ್ತದೆ ಎಂದುಕೊಂಡು ತಾಯಿಯ ಕಡೆ ನೋಡಿದೆ. ಅವರು ಮಗಳನ್ನೇ ದಿಟ್ಟಿಸುತ್ತಿದ್ದರು. ಸೆರಗಿನಿಂದ ಕೈ ಹೊರಗೆ ಬಂತು. "ಕೆಲ್ಸ ಕೊಟ್ಟೋರು ನೀವೇ ಅಲ್ವಾ ಸಾರ್? ಮಾಡವ್ಳೆ. ಅದಕ್ಕ್ ಯಾಕೆ ಕಾಲಿಗ್ ಬೀಳ್ಬೇಕು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ತೋಟಕ್ಕೆ ಹೊರಟೇಹೋದರು. ಮುಖ್ಯೋಪಾಧ್ಯಾಯರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಕ್ಷಮೆಯ ಮಾತೆತ್ತಲಿಲ್ಲ.

ಹೊರಗೆ ಜಗಲಿಯಲ್ಲಿ ಹುಡುಗಿ ನನ್ನನ್ನು ನಿಲ್ಲಿಸಿ, "ಮಿಸ್, ನಾನಿನ್ನೂ ಮಂತ್ರೀನೇನಾ?" ಎಂದಳು. "ಹೂಂ ಕಣೇ" ಎಂದೆ. ಅಷ್ಟು ಹೊತ್ತು ಅಳದೆ ನಿಂತಿದ್ದವಳು ಆಗ ಬಿಕ್ಕಿ ಬಿಕ್ಕಿ ಅತ್ತಳು. ಬೇರೆ ಮಕ್ಕಳು ನೋಡುತ್ತಿದ್ದರು. ನಲ್ಲಿಯಲ್ಲಿ ಮುಖ ತೊಳೆದುಕೊಂಡು ಹೋಗು ಎಂದೆ.

"ಯಾಕ್ ಮಿಸ್? ನಾನೇನ್ ತಪ್ಪು ಮಾಡಿದ್ದೀನಾ?" ಎಂದು ಒದ್ದೆ ಮುಖದಲ್ಲೇ ತರಗತಿಯೊಳಗೆ ಹೋದಳು.