ಚೌಕ ನೋಟಿಗೆ ದುಂಡು ಹೆಸರು

ನಾಮಕರಣದ ಊಟ ಮುಗೀತು. ಎಲೆ ಎತ್ತಿದ್ದೂ ಆಯ್ತು. ಮಗುವಿಗೆ ಮಾತ್ರ ಇನ್ನೂ ಹೆಸರಿರಲಿಲ್ಲ!

ಹೋದ ಭಾನುವಾರ, ಮಲ್ಲೇಶ್ವರದ ನಮ್ಮ ಅಕ್ಕನ ಮನೆ. ಅಕ್ಕನ ಮಗಳು ಸುಮಾ ಬಾಣಂತನಕ್ಕೆ ಬಂದಿದ್ದಾಳೆ. ತೊಟ್ಟಿಲು ಸಿಂಗರಿಸಿ, ತಟ್ಟೆಯಲ್ಲಿ ಅಕ್ಕಿ ಹರಡಿ, ಪುರೋಹಿತರು ಉಂಗುರ ಹಿಡಿದು "ಹೆಸರು ಹೇಳಮ್ಮ" ಅಂದರು. ಸುಮಾ ಬಾಯಿ ಬಿಡಲಿಲ್ಲ. ಗಂಡ ಕಿವಿಯಲ್ಲಿ ಏನೋ ಹೇಳಿದ. ತಲೆ ಅಲ್ಲಾಡಿಸಿದಳು.

"ಬೇಡ. ಹೆಸರು ಬೇಡ."

ಮುಹೂರ್ತ ಮೀರಿತು. ಮೊದಲು ಊಟ ಆಗಲಿ ಅಂದರು ಭಾವ. (ನಮ್ಮ ಭಾವನ ಹತ್ತಿರ ಎಲ್ಲ ಕಷ್ಟಕ್ಕೂ ಇದೊಂದೇ ಪರಿಹಾರ.)

ಸುಮಾಳನ್ನು ಬೈಯೋಣ ಅಂದರೆ ಯಾರಿಗೂ ಮನಸ್ಸು ಬರಲಿಲ್ಲ. ಎರಡು ವರ್ಷದ ಹಿಂದೆ ಇದೇ ಹಾಲ್‌ನಲ್ಲಿ ಅವಳ ಮೊದಲ ಮಗುವಿಗೆ ಹೆಸರಿಟ್ಟಿದ್ದೆವು. ಇಂಟರ್ನೆಟ್ ಎಲ್ಲ ಜಾಲಾಡಿ ಹುಡುಕಿದ ಚಂದದ ಹೆಸರು. ತಿಂಗಳು ತುಂಬುವುದರೊಳಗೆ ಮಗು ಹೋಗಿಬಿಟ್ಟಿತು. ಆ ಹೆಸರನ್ನು ಮನೆಯಲ್ಲಿ ಈಗಲೂ ಯಾರೂ ಎತ್ತುವುದಿಲ್ಲ. ಈ ಮಗು ದಿನ ತುಂಬುವ ಮೊದಲೇ ಹುಟ್ಟಿದ್ದು. ಕಡ್ಡಿಯಂಥ ಕಾಲು, ಹಿಡಿಯಷ್ಟು ಮುಖ.

ಆದರೆ ಚಾಮರಾಜಪೇಟೆಯಿಂದ ಬಂದಿದ್ದ ಸುಮಾಳ ಅತ್ತೆ ರಾಜಮ್ಮ ಸುಮ್ಮನಿರಬೇಕಲ್ಲ? "ಇಷ್ಟು ಜನ ಸೇರಿದ್ದಾರೆ. ಹೆಸರಿಲ್ಲದೆ ಹೇಗ್ರೀ ಎದ್ದು ಹೋಗೋದು?" ಅಂತ ಅಕ್ಕನ ಹತ್ತಿರ ಶುರು ಮಾಡಿದರು. ಅಕ್ಕನ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಮಹಡಿಯಿಂದ ಸರ್ನಾಯ್ ಇಳಿದು ಬಂದಳು. ಮೇಲಿನ ರೂಮಿನ ಬಾಡಿಗೆಯ ಹುಡುಗಿ. ಊರು ಮಂಗೋಲಿಯ. ಇಲ್ಲಿ ಯೋಗ ಕಲಿಯುತ್ತಿದ್ದಾಳೆ. ಅರ್ಧ ಇಂಗ್ಲಿಷ್, ಅರ್ಧ ಕನ್ನಡ. ತೊಟ್ಟಿಲಿಗೆ ನೀಲಿ ರೇಷ್ಮೆಯ ವಸ್ತ್ರ ಹೊದಿಸಿ, ಪರ್ಸಿನಿಂದ ಗರಿಗರಿ ನೋಟೊಂದನ್ನು ತೆಗೆದು ಮಗುವಿನ ಪಕ್ಕ ಇಟ್ಟಳು.

ಭಾವ ಎತ್ತಿಕೊಂಡು ನೋಡಿದರು. ಹಿಂಬದಿಯಲ್ಲಿ ಬೆಟ್ಟ, ಮೇಯುತ್ತಿರುವ ಕುದುರೆಗಳು. "ಇದನ್ನ ಏನಂತಾರಮ್ಮ ನಿಮ್ಮೂರಲ್ಲಿ?"

"ತುಗ್ರುಗ್, ಅಂಕಲ್." ಬೆರಳಲ್ಲಿ ಗಾಳಿಯಲ್ಲೇ ಸೊನ್ನೆ ಸುತ್ತಿದಳು. "ಮೀನಿಂಗ್, ರೌಂಡ್."

"ರೌಂಡಾ? ಚೌಕ ಇದೆಯಲ್ಲಮ್ಮಾ!"

ಎಲ್ಲರೂ ನಕ್ಕರು. ಅವಳೂ ನಕ್ಕಳು. ಒಂದು ಕಾಲಕ್ಕೆ ನಾಣ್ಯ ಇತ್ತಂತೆ, ಈಗ ಬರೀ ಕಾಗದ. ನೋಟಿನ ಮುಂಬದಿಯಲ್ಲಿ ಕ್ರಾಂತಿಯ ನಾಯಕ. ಕಮ್ಯುನಿಸ್ಟರ ಕಾಲದಲ್ಲಿ ದೊಡ್ಡ ನೋಟಿನಲ್ಲೂ ಇದ್ದವನು ಈಗ ಚಿಲ್ಲರೆ ನೋಟಿಗಿಳಿದಿದ್ದಾನೆ. ದೊಡ್ಡ ನೋಟಿಗೆಲ್ಲ ಜಗತ್ತನ್ನೇ ಗೆಲ್ಲಲು ಹೊರಟಿದ್ದ ಹಳೆಯ ಖಾನ್ ಸಾಹೇಬ. ಅವಳ ತಾತನ ಕಾಲದಲ್ಲಿ ಆ ಖಾನನನ್ನು ಹೊಗಳಿದರೆ ಕೆಲಸಕ್ಕೇ ಕುತ್ತು! ಸರ್ಕಾರ ಬದಲಾಯಿತು, ಮುಖ ಬದಲಾಯಿತು. ಹೆಸರು ಮಾತ್ರ ಹಾಗೇ ಉಳಿಯಿತು. (ನಮ್ಮಲ್ಲಾಗಿದ್ದರೆ? ಪಾರ್ಟಿ ಬದಲಾದರೆ ಸರ್ಕಲ್ಲಿನ ಹೆಸರೇ ಉಳಿಯಲ್ಲ.)

"ನಿನ್ನ ತಾತನ ಹೆಸರೇನು?" ಅಷ್ಟು ಹೊತ್ತಿಗೆ ಸುಮಾ ಬಾಯಿಬಿಟ್ಟಳು.

"ನೆರ್ಗುಯ್. ಮೀನಿಂಗ್, ಹೆಸರು ಇಲ್ಲ."

ಸುಮಾ ತಲೆಯೆತ್ತಿ ನೋಡಿದಳು. ಸರ್ನಾಯ್ ಅವಳ ಪಕ್ಕ ನೆಲದ ಮೇಲೇ ಕೂತಳು. ತಾತನಿಗಿಂತ ಮೊದಲು ಹುಟ್ಟಿದ ಮಕ್ಕಳು ಉಳಿಯಲಿಲ್ಲ. ಸಾವು ಬಂದು ಯಾರಿದ್ದೀರಿ ಅಂತ ಕೇಳಿದರೆ, ಹೆಸರಿಲ್ಲದವನನ್ನು ಹೇಗೆ ಕರೆಯುತ್ತೆ? ಹಾಗಂತ ಆ ಹೆಸರು. "ನೌ ಎಯ್ಟಿ. ಇನ್ನೂ ಕುದುರೆ ಓಡಿಸ್ತಾರೆ" ಅಂದಳು.

ಆಮೇಲೆ ಮಾತಾಡಿದವರು, ನೀವು ನಂಬಲ್ಲ, ರಾಜಮ್ಮ.

"ನಮ್ಮಪ್ಪನ ಹೆಸರು ತಿಪ್ಪಣ್ಣ. ಅವರಿಗಿಂತ ಮುಂಚೆ ಹುಟ್ಟಿದ ಒಂದೂ ಉಳೀಲಿಲ್ಲ. ಇವರನ್ನ ತಿಪ್ಪೆ ಮೇಲೆ ಮಲಗಿಸಿ ಎತ್ಕೊಂಡ್ರಂತೆ." ಸೆರಗಿನಿಂದ ಮೂಗು ಒರೆಸಿಕೊಂಡರು. "ಸ್ಕೂಲಲ್ಲಿ ಆ ಹೆಸರು ಹೇಳೋಕೆ ನಂಗೆ ನಾಚಿಕೆ ಆಗೋದು. ಅಜ್ಜಿ ಎಷ್ಟು ಹೆದರಿದ್ಲೋ ಅಂತ ಒಂದಿನಾನೂ ಯೋಚಿಸ್ಲಿಲ್ಲ ನೋಡು."

ಎದ್ದು ಬಂದು ಸೊಸೆಯ ಪಕ್ಕ ಕೂತರು. ಬೆನ್ನ ಮೇಲೆ ಕೈ ಇಟ್ಟರು. ಸುಮಾ ಅತ್ತಳು. ಈ ಹೆರಿಗೆಯಾಗಿ ಆಸ್ಪತ್ರೆಯಿಂದ ಬಂದ ಮೇಲೆ ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಮುಖ ಒರೆಸಿಕೊಂಡು ನನ್ನ ಕಡೆ ತಿರುಗಿದಳು. "ಚಿಕ್ಕಮ್ಮ, ರೌಂಡ್ ಅಂದ್ರೆ ಗುಂಡ ಅಲ್ವಾ?"

"ಹೂಂ ಕಣೇ. ಬೆಂಗಳೂರಲ್ಲಿ ಮನೆಗೊಬ್ಬ ಇದಾನೆ."

ಮಗುವಿನ ಕಿವಿಗೆ ಬಗ್ಗಿದಳು. "ಗುಂಡಾ" ಅಂದಳು. ಕಡ್ಡಿ ಪೈಲ್ವಾನ ಆಕಳಿಸಿದ. ಮತ್ತೆ ಕರೆದಳು. ಈ ಸಲ ಸ್ವಲ್ಪ ಜೋರಾಗಿ, ಎಲ್ಲರಿಗೂ ಕೇಳುವ ಹಾಗೆ. ತೂಕಡಿಸುತ್ತಿದ್ದ ಪುರೋಹಿತರು ದಡಬಡಿಸಿ ಎದ್ದು ಉಂಗುರ ಹುಡುಕಿದರು.

ರಾಜಮ್ಮನಿಗೆ ಆಗ ಹೊಸ ಚಿಂತೆ. "ಮನೇಲೇನೋ ಗುಂಡ ಸರಿ. ಸ್ಕೂಲಿಗೆ ಏನಂತ ಕೊಡ್ತೀಯ?"

"ಸ್ಕೂಲಿಗೆ ಹೋಗೋಷ್ಟು ದೊಡ್ಡೋನಾಗ್ಲಿ ಅತ್ತೆ. ಆಗ ಕೂತು ಜಗಳ ಆಡೋಣ."

ರಾಜಮ್ಮ ಮೊಮ್ಮಗನನ್ನೇ ಸ್ವಲ್ಪ ಹೊತ್ತು ನೋಡಿದರು. "ಆಡೋಣ ಬಿಡು. ಆದ್ರೆ ಗೆಲ್ಲೋದು ನಾನೇ, ಈಗ್ಲೇ ಹೇಳಿದೀನಿ."