ಭಾವನ ಬಾಡಿಗೆ, ನನ್ನ ತೆರಿಗೆ

ನನ್ನ ಭಾವ ಮಸ್ಕತ್ತಿಗೆ ಕ್ರೇನ್ ಮೆಕ್ಯಾನಿಕ್ ಆಗಿ ಹೋದದ್ದು ಎಪ್ಪತ್ತರ ದಶಕದ ಕೊನೆಯಲ್ಲಿ. ಚನ್ನಗಿರಿ ಬಸ್ ಸ್ಟ್ಯಾಂಡಿನ ಹಿಂದೆ ಅವರ ಮಳಿಗೆಗಳಿದ್ದವು. ಅಡಿಕೆ ಮಂಡಿಯವರು, ಗೊಬ್ಬರದಂಗಡಿಯವರು, ಒಬ್ಬ ಟೈಲರ್ ಬಾಡಿಗೆಗಿದ್ದರು. ನಾನು ಅದೇ ಊರಿನಲ್ಲಿ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಕ್ಕ ಹೊನ್ನಾಳಿಯಲ್ಲಿ ಗಂಡನ ಮನೆಯಲ್ಲೇ ಉಳಿದಳು.

"ಬಾಡಿಗೆ ನೀನೇ ಇಸ್ಕೊಂಡು ನಿಮ್ಮಕ್ಕನ ಕೈಗೆ ಕೊಡಪ್ಪ. ಟ್ಯಾಕ್ಸು ಗೀಕ್ಸು ಎಲ್ಲಾ ಬೊಂಬಾಯಾಗೆ ನಮ್ಮ ಆಡಿಟರ್ ನೋಡ್ಕೊಂತಾನೆ," ಎಂದಿದ್ದರು ಭಾವ. ಬೊಂಬಾಯಿ, ಆಡಿಟರ್, ಎರಡೂ ನನಗೆ ದೊಡ್ಡ ಮಾತು. ಹೂಂ ಎಂದೆ.

ತಿಂಗಳ ಮೊದಲ ಭಾನುವಾರ ಹೊನ್ನಾಳಿ ಬಸ್ಸು ಹತ್ತುತ್ತಿದ್ದೆ. ಅಕ್ಕ ದುಡ್ಡನ್ನು ಎಣಿಸದೆ ಕಣ್ಣಿಗೊತ್ತಿಕೊಂಡು ದೇವರ ಮುಂದಿಟ್ಟು, ನನಗೆ ರೊಟ್ಟಿ ತಟ್ಟಲು ಹೋಗುತ್ತಿದ್ದಳು. ಬಾಡಿಗೆದಾರರಿಗೆಲ್ಲ ನಾನೇ ಸಹಿ ಹಾಕಿ ರಸೀದಿ ಕೊಡುತ್ತಿದ್ದೆ. ಅಕ್ಕನಿಂದ ಮಾತ್ರ ಒಂದು ಚೀಟಿಯನ್ನೂ ಬರೆಸಿಕೊಳ್ಳಲಿಲ್ಲ. ಒಡಹುಟ್ಟಿದವಳ ಹತ್ತಿರ ರಸೀದಿ ಕೇಳುವುದೆಂದರೆ ನಮ್ಮ ಕಡೆ ಅವಳ ಮುಖಕ್ಕೆ ಹೊಡೆದ ಹಾಗೆ.

ಕೆಲವು ವರ್ಷಗಳ ಮೇಲೆ ತೆರಿಗೆ ಕಚೇರಿಯಿಂದ ನನ್ನ ಹೆಸರಿಗೆ ನೋಟಿಸು ಬಂತು. ಹೋಗಿ ನಿಂತೆ. ಅಧಿಕಾರಿ ಸಮಾಧಾನದ ಮನುಷ್ಯ.

"ನೋಡಿ ಮೇಷ್ಟ್ರೇ, ಪರದೇಶದಲ್ಲಿರೋರ ಬಾಡಿಗೆಯನ್ನ ಇಲ್ಲಿ ವಸೂಲಿ ಮಾಡೋರನ್ನೇ ಏಜೆಂಟ್ ಅಂತ ಹಿಡೀತೀವಿ. ಇದುವರೆಗೆ ಯಾರೂ ಒಂದು ಪೈಸೆ ತೆರಿಗೆ ಕಟ್ಟಿಲ್ಲ. ದುಡ್ಡು ಮಾಲೀಕರ ಮನೆಗೆ ಮುಟ್ಟಿದ್ರೆ ಅವರ ಲೆಕ್ಕಕ್ಕೆ. ಮುಟ್ಟಿಲ್ಲ ಅಂದ್ರೆ ಅದು ನಿಮ್ಮದೇ ಆದಾಯ. ನಿಮ್ಮ ಇಲಾಖೆಗೂ ಬರೀಬೇಕಾಗುತ್ತೆ."

ಸರ್ಕಾರಿ ನೌಕರ ಆದಾಯ ಮುಚ್ಚಿಟ್ಟ ಎಂದಾದರೆ ಕೆಲಸಕ್ಕೇ ಕುತ್ತು. ಬೊಂಬಾಯಿಯ ಆಡಿಟರ್ ಎಂಬ ಪ್ರಾಣಿ ಹುಟ್ಟಿಯೇ ಇರಲಿಲ್ಲ ಎಂಬುದು ಅವತ್ತು ತಿಳಿಯಿತು. ಆದರೂ ಹೆದರಲಿಲ್ಲ. ಅಕ್ಕ ಇದ್ದಳಲ್ಲ.

ಭಾವ ರಜೆಗೆ ಬಂದಾಗ ಇಬ್ಬರನ್ನೂ ಕಚೇರಿಗೆ ಕರೆದೊಯ್ದೆ. ಭಾವ ಘಮಘಮ ಸೆಂಟು ಹಾಕಿಕೊಂಡು ಬಂದಿದ್ದರು. "ಮಳಿಗೆ ಇವನಿಗೆ ಬಿಟ್ಟು ಹೋಗೀನಿ ಸಾರ್. ಬಾಡಿಗೆ ಇವನೇ ತಿಂತಾನೆ. ನಮಗೇನೂ ಬಂದಿಲ್ಲ," ಎಂದರು, ಕಾಲ ಮೇಲೆ ಕಾಲು ಹಾಕಿ. ನನ್ನ ಮೈಯೆಲ್ಲ ಉರಿಯಿತು.

"ಅಕ್ಕನನ್ನೇ ಕೇಳಿ ಸಾರ್," ಎಂದೆ.

"ನಿಮ್ಮ ತಮ್ಮ ಬಾಡಿಗೆ ತಂದು ಕೊಡ್ತಿದ್ರೇನಮ್ಮ?"

ಅಕ್ಕ ಗಂಡನ ಕಡೆ ನೋಡಿದಳು. ಸೆರಗು ಸರಿಮಾಡಿಕೊಂಡಳು. "ಇಲ್ರೀ ಸಾಹೇಬ್ರೇ. ಆಗಾಗ ಬರ್ತಿದ್ದ, ಉಂಡು ಹೋಗ್ತಿದ್ದ."

ಭಾವನ ಮಾತಿಗೆ ಸಿಟ್ಟು ಬಂದಿತ್ತು. ಅಕ್ಕನ ಮಾತಿಗೆ ಸಿಟ್ಟೂ ಬರಲಿಲ್ಲ. ನನ್ನನ್ನು ಎತ್ತಿ ಆಡಿಸಿದವಳು ನನ್ನ ಕತ್ತು ಕೊಯ್ದಳು. ಅಧಿಕಾರಿ ನನ್ನನ್ನು ಕನಿಕರದಿಂದ ನೋಡಿ ಪೆನ್ನು ತೆಗೆದುಕೊಂಡರು. ಮುಂದೆ ವರ್ಷಗಟ್ಟಲೆ ನನ್ನ ಸಂಬಳದಲ್ಲಿ ಆ ತೆರಿಗೆ ಕಟ್ಟಿದೆ. ಕೆಲಸ ಹೇಗೋ ಉಳಿಯಿತು, ಬಡ್ತಿ ಹೋಯಿತು, ನ್ಯಾಮತಿ ಕಡೆಯ ಹಳ್ಳಿಯೊಂದಕ್ಕೆ ಎತ್ತಂಗಡಿಯಾಯಿತು.

ಅವತ್ತು ಕಚೇರಿಯ ಹೊರಗೆ ಭಾವ ಬೀಡಾ ಅಂಗಡಿಗೆ ಹೋದಾಗ ಅಕ್ಕ ನನ್ನ ಪಕ್ಕ ಬಂದು ನಿಂತಳು. "ಹಂಗೆ ಹೇಳ್ದಿದ್ರೆ ತೆರಿಗೆ ಬಾಕಿ ಅಂತ ಅವರನ್ನ ವಾಪಸ್ ಮಸ್ಕತ್ತಿಗೆ ಹೋಗಾಕೆ ಬಿಡಲ್ವಂತೆ ಕಣೋ. ನಿನ್ನ ಕೆಲಸಕ್ಕೇನೂ ಆಗಲ್ಲ ಅಂದಾರೆ."

ಇನ್ನೊಂದು ಮಾತು ಆಡುತ್ತಾಳೆ, ತಪ್ಪಾಯ್ತು ಅನ್ನುತ್ತಾಳೆ ಎಂದು ಕಾದೆ. ಅವಳು ಭಾವ ಬರುತ್ತಿದ್ದಾರಾ ಎಂದು ಒಮ್ಮೆ ತಿರುಗಿ ನೋಡಿ, ದನಿ ತಗ್ಗಿಸಿದಳು.

"ಈ ತಿಂಗಳ ಬಾಡಿಗೆ ಯಾವತ್ತು ತರ್ತೀಯೋ?"