ಹೊಲಿಗೆ ಸಾಲಿಗೆ ಬಂದ ಮೇಡಂ

ಗದ್ದಲವಿರುವ ಕಡೆ ಕಾಲಿಟ್ಟ ಕೂಡಲೇ ನನ್ನ ಪಿಎಚ್‌ಡಿ ಗೈಡ್ ಮೇಡಂ ಎಡಗಿವಿಯ ಹಿಯರಿಂಗ್ ಏಡನ್ನು ಕಳಚಿ ಕನ್ನಡಕದ ಡಬ್ಬಿಗೆ ಹಾಕಿಕೊಂಡುಬಿಡುತ್ತಿದ್ದರು. "ಈ ಸದ್ದು ಒಳಗೋದ್ರೆ ತಲೆ ಸಿಡಿಯುತ್ತೆ ಕಣಪ್ಪ. ಕಣ್ಣಿದೆಯಲ್ಲ, ಸಾಕು," ಎನ್ನುತ್ತಿದ್ದರು.

ಅವರ ಊರು ಗುಬ್ಬಿ, ಪಾಠ ಮಾಡುತ್ತಿದ್ದುದು ತುಮಕೂರಿನಲ್ಲಿ. ಸಂಸ್ಥೆಗಳಲ್ಲಿ ಕೆಲಸ ನಡೆಯುವ ಕ್ರಮವನ್ನು ಹೇಗೆ ಸುಧಾರಿಸಬಹುದು ಎಂಬುದೇ ಅವರ ಸಂಶೋಧನೆಯ ವಿಷಯ. ಮದುವೆ ಮನೆಗೆ ಹೋದರೂ ಅದೇ ಚಾಳಿ. ಪಂಕ್ತಿ ತಡವಾದರೆ ಬಡಿಸುವವರ ಹಿಂದೆಯೇ ಹೋಗಿ, ಅನ್ನದ ಪಾತ್ರೆಯನ್ನು ಬಾಗಿಲ ಹತ್ತಿರಕ್ಕೆ ಇಡಿಸಿ ಬರುತ್ತಿದ್ದರು.

ನನ್ನ ಪಿಎಚ್‌ಡಿಗೆಂದು ಅಂತರಸನಹಳ್ಳಿಯ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯನ್ನು ಆರಿಸಿಕೊಂಡಿದ್ದೆವು. ಅಲ್ಲಿ ಮಧ್ಯಾಹ್ನದ ಮೇಲೆ ಹೊಲಿಗೆ ಕೆಡುತ್ತಿತ್ತು. ಬಿಚ್ಚಿ ಮತ್ತೆ ಹೊಲಿಯಬೇಕಾಗುತ್ತಿತ್ತು. ಮಿಷನ್‌ಗಳನ್ನು ಜೋಡಿಸಿದ ಕ್ರಮದಲ್ಲೇ ತಪ್ಪಿದೆ ಎಂದು ನಾನು ನಂಬಿದ್ದೆ. ಮೇಡಂ ಬಂದು ದಿನವಿಡೀ ಸಾಲುಗಳ ನಡುವೆ ಓಡಾಡಿ, ಸಂಜೆ ನನ್ನನ್ನು ಪಕ್ಕಕ್ಕೆ ಕರೆದರು.

"ಎಲ್ಲರ ಹತ್ರಾನೂ ನೀರಿನ ಬಾಟ್ಲಿ ಇದೆ. ಬೆಳಿಗ್ಗೆ ಹೆಂಗಿತ್ತೋ ಹಂಗೇ ತುಂಬಿದೆ. ಯಾಕಪ್ಪ?"

ಕೆಲಸ ಮುಗಿಸಿ ಗೇಟಿನಾಚೆ ಬಸ್ಸಿಗೆ ಕಾಯುತ್ತಿದ್ದ ಗೂಳೂರಿನ ಅಕ್ಕ ಒಬ್ಬರನ್ನು ಮೇಡಂ ಮಾತಾಡಿಸಿದರು. ಆಕೆ ನನ್ನನ್ನು ನೋಡಿ ಸಂಕೋಚಪಟ್ಟಾಗ ನಾನು ದೂರ ಸರಿದೆ. ಆಮೇಲೆ ಮೇಡಂ ಹೇಳಿದರು: ನೀರು ಕುಡಿದರೆ ಟಾಯ್ಲೆಟ್ಟಿಗೆ ಏಳಬೇಕು. ಒಬ್ಬರು ಹೊಲಿದದ್ದು ಮುಂದಿನವರ ಕೈಗೆ ಹೋಗಬೇಕು, ಹಾಗಾಗಿ ಒಬ್ಬರು ಎದ್ದರೂ ಸಾಲು ನಿಲ್ಲುತ್ತದೆ, ಸೂಪರ್‌ವೈಸರ್ ಎಲ್ಲರೆದುರು ಬೈಯುತ್ತಾನೆ. ಅದಕ್ಕೇ ಯಾರೂ ಕುಡಿಯುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಕಣ್ಣು ಕತ್ತಲೆಗಟ್ಟಿ ಹೊಲಿಗೆ ತಪ್ಪುತ್ತದೆ.

ಮೇಡಂ ಇದನ್ನು ಹೇಳಿದಾಗ ಮ್ಯಾನೇಜರ್ ಸಿಟ್ಟಾದರು. "ಇದು ನಿಮ್ ರಿಸರ್ಚಿಗೆ ಸೇರಿದ್ದಲ್ಲ ಮೇಡಂ. ಹಿಂಗೆಲ್ಲ ಬರಿಯೋದಾದ್ರೆ ನಾಳೆಯಿಂದ ನಿಮ್ ಸ್ಟೂಡೆಂಟನ್ನ ಒಳಗೆ ಬಿಡಲ್ಲ."

ಮೇಡಂ ದನಿ ಏರಿಸಲಿಲ್ಲ. "ಒಂದೇ ಒಂದು ಸಾಲಿಗೆ ಒಬ್ರನ್ನ ಹೆಚ್ಚಿಗೆ ಕೊಡಿ. ಯಾರು ಎದ್ರೂ ಆ ಜಾಗದಲ್ಲಿ ಅವರು ಕೂತು ಹೊಲೀಲಿ. ಒಂದು ತಿಂಗ್ಳು ನೋಡಿ. ಬಿಚ್ಚೋ ಬಟ್ಟೆ ಕಮ್ಮಿ ಆಗ್ಲಿಲ್ಲ ಅಂದ್ರೆ ನಾವೇ ಈ ಕಡೆ ತಲೆ ಹಾಕಲ್ಲ."

ಮ್ಯಾನೇಜರ್ ಗೊಣಗಿಕೊಂಡೇ ಒಪ್ಪಿದರು. ತಿಂಗಳು ತುಂಬುವ ಮೊದಲೇ ಉಳಿದ ಸಾಲುಗಳಿಗೂ ಒಬ್ಬೊಬ್ಬರನ್ನು ಹಾಕಿಸಿದರು. ಹೊಗಳಲಿಲ್ಲ, ನಮಗೆ ಟೀ ತರಿಸಿದರು, ಅಷ್ಟೆ. ಬಸ್ಸಿನಲ್ಲಿ ಮರಳುವಾಗ ಮೇಡಂ ಕಿಟಕಿಗೆ ತಲೆಯೊರಗಿಸಿ, "ಪಾಪ, ಅವರಿಗೂ ಮೇಲಿನೋರ ಕಾಟ ಇರುತ್ತೆ," ಎಂದರು.

ನಾನು ಪ್ರಬಂಧ ಸಲ್ಲಿಸಿದ ಸ್ವಲ್ಪ ದಿನಕ್ಕೆ ಅವರು ಹೃದಯಾಘಾತದಿಂದ ತೀರಿಕೊಂಡರು.

ವೈವಾ ದಿನ ಸಭಾಂಗಣದಲ್ಲಿ ಹೇಗೋ ಮಾತು ಮುಗಿಸಿದೆ. ಸಭಿಕರಲ್ಲಿ ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಪರೀಕ್ಷಕರು ಕೇಳಿದರು. ಕೊನೆಯ ಸಾಲಿನಿಂದ ಗೂಳೂರಿನ ಅಕ್ಕ ಎದ್ದು ನಿಂತರು. ವೈವಾ ದಿನವನ್ನು ಫ್ಯಾಕ್ಟರಿಯಲ್ಲಿ ಹೇಳಿದ್ದೆ, ಆದರೆ ಆಕೆ ಬಂದಿದ್ದುದೇ ನನಗೆ ಗೊತ್ತಿರಲಿಲ್ಲ.

"ಪ್ರಶ್ನೆ ಏನಿಲ್ಲ ಸಾರ್," ಎಂದರು ಸೆರಗು ಸರಿಮಾಡಿಕೊಳ್ಳುತ್ತ. "ಮೇಡಂ ಇಲ್ವಲ್ಲ. ಈ ತಮ್ಮನ ಕಡೆಯಿಂದ ಒಬ್ರಾದ್ರೂ ಇರ್ಲಿ ಅಂತ ರಜಾ ಹಾಕಿ ಬಂದೆ."